ತೂತಿಲ್ಲದ ಹಕ್ಕರಕಿ

ಹನ್ನೆರಡು ವರ್ಷ ಯಾರೂ ಕಾಲಿಡದ ಎಂಟು ಗುಂಟೆ ಜಾಲಿ ಕಂಟಿಯನ್ನು ನಾನೊಬ್ಬನೇ, ಒಂದೇ ಮುಂಜಾನೆ, ಕಪ್ಪಿನಲ್ಲಿದ್ದ ಚಹಾ ಆರುವುದರೊಳಗೆ ಕಡಿದು ಚೊಕ್ಕ ಮಾಡಿದೆ. ಒಳಗಿದ್ದ ಹದಿನೇಳು ಹಾವುಗಳು ಸಾಲಾಗಿ ಹೊರಬಂದು, ನನ್ನ ಅಪ್ಪಣೆ ಕೇಳಿ, ಹೆದ್ದಾರಿ ದಾಟಿ ಹೋದವು. ಕೊನೆಯದಕ್ಕೆ ವಯಸ್ಸಾಗಿತ್ತು. ಅದು ದಾಟುವವರೆಗೆ ಲಾರಿಗಳನ್ನು ನಾನೇ ಕೈಮಾಡಿ ನಿಲ್ಲಿಸಿದೆ.

ನಂಬದಿದ್ದರೆ ಬಿಡಿ, ಮೋಟೆಬೆನ್ನೂರಿನಲ್ಲೂ ಯಾರೂ ನಂಬಿಲ್ಲ. ನಾನು ಪ್ರಭುಲಿಂಗಪ್ಪ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತಾರು ವರ್ಷ ಚೀಲ ತೂಗಿದವನು. ನನ್ನ ಹೆಂಡತಿ ಗದಿಗೆವ್ವ ಅಷ್ಟೇ ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಹೊಸಬರು ಪೇಟೆಗೆ ಬಂದರೆ ಸೀನಿ ಸೀನಿ ಕಣ್ಣೀರು ಸುರಿಸುತ್ತಾರೆ. ನಾವಿಬ್ಬರೂ ಆ ಘಾಟಿನ ನಡುವೆಯೇ ಕುಳಿತು ಬುತ್ತಿ ಬಿಚ್ಚಿ ರೊಟ್ಟಿ ತಿಂದವರು. ಅದರಿಂದ ನನ್ನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತ್ತು: ಮೆಣಸಿನಕಾಯಿ ಘಾಟು ಕುಡಿದ ಮೈಗೆ ಯಾವ ವಿಷವೂ ಹತ್ತುವುದಿಲ್ಲ.

ವಯಸ್ಸಾಯಿತೆಂದು ಕೆಲಸ ಬಿಟ್ಟ ಮೇಲೆ ಮನೆಯ ಹಿಂದಿನ ಆ ಎಂಟು ಗುಂಟೆಯಲ್ಲಿ ಕೈತೋಟ ಮಾಡಬೇಕೆಂದು ಇಳಿದೆ. ಜಾಲಿಯ ಕೆಳಗೆಲ್ಲ ಸೊಂಟದವರೆಗೆ ಪಾರ್ಥೇನಿಯಂ. ಬನಿಯನ್, ಲುಂಗಿ, ಬರಿಗಾಲು, ಬರಿಗೈ. ಆ ಹೊತ್ತಿಗೆ ಬೇಲಿಯಾಚೆ ನಿರ್ಮಲಾ ನಿಂತಳು. ಮಹಿಳಾ ಸಂಘದವಳು, ನಮ್ಮ ಊರಿನ ಕೃಷಿ ಸಖಿ. ಮನೆ ಮನೆಗೆ ಹೋಗಿ ಬೆಳೆ, ಹುಳ, ಗೊಬ್ಬರದ ಬಗ್ಗೆ ತಿಳಿಸಿ ಹೇಳುವುದು ಅವಳ ಕೆಲಸ.

“ಕಾಕಾ, ಬರಿಗೈಲೆ ಪಾರ್ಥೇನಿಯಂ ಕೀಳಾಕತ್ತೀರಲ್ಲ! ಮೈ ತುರಸತೈತಿ, ಉಬ್ಬಸ ಹಿಡೀತೈತಿ. ಗ್ಲೌಸ್ ಹಾಕ್ಕೋರಿ, ಮೂಗಿಗೆ ಬಟ್ಟಿ ಕಟ್ಕೋರಿ, ತುಂಬು ತೋಳಿನ ಅಂಗಿ ಇರಲಿ.”

“ನಿನ್ನ ವಯಸ್ಸಿನಷ್ಟು ವರ್ಷ ನಾ ಮೆಣಸಿನಕಾಯಿ ಘಾಟು ಕುಡದೇನಿ, ತಂಗಿ.”

“ಅದು ಬ್ಯಾರೆ, ಇದು ಬ್ಯಾರೆರಿ. ಕಾಲಾಗ ಬೂಟು ಹಾಕ್ಕೋರಿ. ಕಂಟಿಗೆ ಕೈ ಹಾಕೂಕಿಂತ ಮೊದಲ ಬಡಿಗಿಲೆ ಬಡದು ಸಪ್ಪಳ ಮಾಡ್ರಿ. ಹಾವಿಗೂ ಎದ್ದು ಹೋಗಾಕ ಟೈಮ್ ಬೇಕಲ್ಲ. ಮತ್ತ ಕಿತ್ತ ಕಸಕ್ಕ ಬೆಂಕಿ ಹಚ್ಚಬ್ಯಾಡ್ರಿ. ಹೂ ಬಿಡೂದ್ರಾಗ ಕಿತ್ತು ತಗ್ಗಿನ್ಯಾಗ ಹಾಕಿ ಕೊಳಸ್ರಿ, ಗೊಬ್ಬರ ಆಗತೈತಿ.”

“ಬೆಂಕಿ ಯಾಕ ಬೇಕು? ನಾ ಸಿಟ್ಟಿಲೆ ನೋಡಿದ್ರ ಕಸ ತಾನ ಒಣಗತೈತಿ.”

“ಆತು, ನೋಡಕೋಂತ ನಿಂದರ್ರಿ ಹಂಗಾರ,” ಎಂದು ನಕ್ಕು ಹೋದಳು.

ಮೂರನೆಯ ದಿನ ನನ್ನ ಎರಡೂ ತೋಳು ಕೆಂಪಾಗಿ ಊದಿದವು. ಓಣಿಯಲ್ಲಿ ಕೇಳಿದವರಿಗೆ, ಕುಸ್ತಿ ಹಿಡಿದೆ ಎಂದೆ. ಗದಿಗೆವ್ವ ಪೇಟೆಗೆ ಹೋಗಿ ಗ್ಲೌಸು ತಂದು ಮುಂದಿಟ್ಟಳು. ಯಾರೂ ನೋಡದಾಗ ಹಾಕಿಕೊಂಡೆ. ಚಹಾ ಆರುವುದರೊಳಗೆ ಎಂದೆನಲ್ಲ, ಆ ಚಹಾ ಆರಲು ನಲವತ್ತು ದಿನ ಬೇಕಾಯಿತು. ನಡುವೆ ಇಬ್ಬರು ಆಳು ಬಂದರು, ಒಂದು ದಿನ ಜೆಸಿಬಿಯೂ ಬಂತು.

ಆದರೆ ತೋಟ ಬಂತು. ಬದನೆ, ಅವರೆ, ಮೆಂತ್ಯ, ಬೇಲಿಯ ಪಕ್ಕಕ್ಕೆ ಒಂದು ಮಡಿ ಹಕ್ಕರಕಿ ಸೊಪ್ಪು. ಹಕ್ಕರಕಿಯನ್ನು ನಮ್ಮ ಕಡೆ ಬೇಯಿಸುವುದಿಲ್ಲ. ಕಿತ್ತು, ನೀರಿನಲ್ಲಿ ಝಾಡಿಸಿ, ರೊಟ್ಟಿಯ ಜತೆ ಹಸಿಯಾಗಿಯೇ ಕಚ್ಚಿ ತಿನ್ನುತ್ತೇವೆ. ಗದಿಗೆವ್ವನಿಗೆ ಅದಿಲ್ಲದೆ ರೊಟ್ಟಿ ಇಳಿಯುವುದಿಲ್ಲ.

ಎಲೆ ಬಂದಂತೆ ಹುಳವೂ ಬಂತು. ಮುಂಜಾನೆ ನೋಡಿದರೆ ಎಲೆಯ ತುಂಬ ತೂತು. ನಿರ್ಮಲಾ ಮತ್ತೆ ಬಂದಳು.

“ಕಾಕಾ, ಒಂದು ಲೀಟರ್ ನೀರಿಗೆ ಐವತ್ತು ಗ್ರಾಂ ಬೇವಿನ ಬೀಜದ ಪುಡಿ. ಒಂದಿನ ರಾತ್ರಿ ನೆನೆ ಇಟ್ಟು, ಸೋಸಿ, ಚೂರು ಸಾಬೂನು ನೀರು ಕೂಡಿಸಿ, ಸಂಜೀ ಮುಂದ ಸಿಂಪಡಸ್ರಿ. ಎಲಿ ಹಿಂದ ಹುಳ ಕಂಡ್ರ ಆರಿಸಿ ಸಾಬೂನು ನೀರಿಗೆ ಹಾಕ್ರಿ. ಬಿಳಿ ನೊಣಕ್ಕ ಹಳದಿ ಅಂಟಿನ ಹಾಳಿ ಕಟ್ರಿ. ವಾರಾ ವಾರಾ ಮಾಡಬೇಕು, ಒಮ್ಮೆ ಮಾಡಿ ಬಿಟ್ರ ಆಗೂದಿಲ್ಲ.”

ಪಕ್ಕದ ಮನೆಯ ಅಕ್ಬರಬಿ ಆ ಮಾತನ್ನು ಚಾಚೂ ತಪ್ಪದೆ ಮಾಡಿದಳು. ಅವಳ ಹಿತ್ತಲಿನ ತಪ್ಪಲದಲ್ಲಿ, ಅಂದರೆ ಸೊಪ್ಪಿನಲ್ಲಿ, ಅಲ್ಲೊಂದು ಇಲ್ಲೊಂದು ತೂತು ಉಳಿದವು. “ನಾಕು ತೂತು ಇದ್ರ ಇರಲಿ ಬಿಡ್ರಿ ಅಣ್ಣಾರ. ಹುಳಾನೂ ಬದುಕ್ತಾವ, ನಾವೂ ತಿಂತೀವಿ,” ಎಂದಳು.

ನನಗೆ ಸುಮ್ಮನಿರಲು ಆಗಲಿಲ್ಲ. “ನನ್ನ ಮಡಿಗೆ ಹುಳ ಬರಾಕ ಅಂಜತಾವ ಅಕ್ಬರಬಿ. ಔಷಧ ಇಲ್ಲ, ಕಷಾಯ ಇಲ್ಲ, ಬರೇ ನನ್ನ ಕೈಗುಣ. ಬರೂ ಸೋಮವಾರ ಬಂದು ಒಂದ ತೂತು ತೋರಿಸು, ಮೀಸಿ ಬೋಳಿಸ್ತೇನಿ!”

ಓಣಿಯ ನಾಲ್ಕು ಜನ ಕೇಳಿದರು. ಮಾತು ಹೊರಬಿದ್ದಾಗಿತ್ತು.

ಭಾನುವಾರ ಗದಿಗೆವ್ವ ಅಗಡಿ ಊರಿನ ತಂಗಿಯ ಮನೆಗೆ ಹೋಗಿದ್ದಳು. ತೂತು ಬಿದ್ದ ಎಲೆಗಳನ್ನೆಲ್ಲ ನಾನು ಒಂದೊಂದಾಗಿ ಚಿವುಟಿ ತಿಪ್ಪೆಗೆ ಹಾಕಿದೆ. ಉಳಿದವಕ್ಕೆ ರಾತ್ರಿ ಬೆಳಗಾಗುವುದರೊಳಗೆ ಹುಳ ಬಾಯಿ ಹಾಕಬಾರದಲ್ಲ. ಮೆಣಸಿನಗಿಡ ಬೆಳೆಯುವ ಅಂದಾನೆಪ್ಪನ ಹೊಲಕ್ಕೆ ಹೋದೆ. ಸಿಂಪಡಿಸಿ ಉಳಿದ ಔಷಧವನ್ನು ಅವನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಹಾಕಿ ಇಟ್ಟಿದ್ದ. ಅದರ ಮೇಲೆ ಹೆಸರಿಲ್ಲ, ಚೀಟಿಯಿಲ್ಲ.

“ಯಾವುದಕ್ಕರಿ ಇದು?” ಎಂದ.

“ಹೂವಿನ ಗಿಡಕ್ಕ.”

“ಭಾಳ ಖಡಕ್ ಐತಿ ಯಜಮಾನ್ರ. ತಿನ್ನೂ ತಪ್ಪಲಕ್ಕ ಮಾತ್ರ ಹೊಡೀಬ್ಯಾಡ್ರಿ.”

“ಅಷ್ಟೂ ತಿಳೀದೇನೋ ನನಗ!”

ಸಂಜೆ ಬಕೆಟ್ಟಿನ ನೀರಿಗೆ ಸುರಿದು, ಕೈಯಿಂದಲೇ ಕಲಸಿ, ಹಕ್ಕರಕಿ ಮಡಿಗೆಲ್ಲ ಚಿಮುಕಿಸಿದೆ. ಘಾಟು ಮೂಗಿಗೆ ಬಡಿಯಿತು. ಪೇಟೆಯ ಘಾಟಿನ ಮುಂದೆ ಇದೇನು ಮಹಾ ಎಂದುಕೊಂಡೆ.

ಸೋಮವಾರ ಮುಂಜಾನೆ ನಾನು ಬದನೆ ಬೀಜ ತರಲು ರಾಣೆಬೆನ್ನೂರಿಗೆ ಹೋಗಿದ್ದೆ. ಆದ್ದರಿಂದ ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಗದಿಗೆವ್ವ ಅಗಡಿಯಿಂದ ಬಂದಳಂತೆ. ಅಕ್ಬರಬಿ ಬೇಲಿಯ ಹತ್ತಿರ ನಿಂತು ಎಲೆ ತಿರುವಿ ತಿರುವಿ ನೋಡಿ, ಒಂದೂ ತೂತಿಲ್ಲವೆಂದು ಬೆರಗಾದಳಂತೆ. ಗದಿಗೆವ್ವ ಒಂದು ಹಿಡಿ ಕಿತ್ತು, ತಂಬಿಗೆಯ ನೀರಲ್ಲಿ ಝಾಡಿಸಿ, ರೊಟ್ಟಿಯ ಜತೆ ತಿಂದಳಂತೆ. ಅಕ್ಬರಬಿಯ ಮನೆಗೂ ಒಂದು ಕಟ್ಟು ಕೊಟ್ಟಳಂತೆ.

ಹತ್ತು ಗಂಟೆಯ ಮೇಲೆ ಅಕ್ಬರಬಿಯ ಫೋನು ಬಂದಾಗ ನಾನು ಬಸ್ಸಿನಲ್ಲಿದ್ದೆ. ಇಳಿದು ಬಸ್ಸಿಗಿಂತ ಮುಂದೆ ಓಡಿ ಬಂದೆ. ಗದಿಗೆವ್ವ ಹಿತ್ತಲ ಬಾಗಿಲಿನಲ್ಲಿ ಕುಸಿದಿದ್ದಳು. ವಾಂತಿ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈಯೆಲ್ಲ ಬೆವೆತು ಸೀರೆ ತೊಯ್ದಿತ್ತು. “ಕಣ್ಣು ಮಂಜಾಗ್ಯಾವರಿ… ನೀವು ಕಾಣವಲ್ಲಿರಿ,” ಎಂದಳು. ನಿರ್ಮಲಾ ಓಡಿ ಬಂದು ನೂರಾ ಎಂಟಕ್ಕೆ ಫೋನು ಹಚ್ಚಿದಳು.

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ತೋಳಿನ ಮಾಂಸಖಂಡ ತಾನಾಗಿ ಅದುರುತ್ತಿತ್ತು.

“ಯಜಮಾನ್ರ, ಲಗೂ ಹೇಳ್ರಿ. ಮನ್ಯಾಗ, ತೋಟದಾಗ ಏನರ ಔಷಧ ಹೊಡದೀರೇನು?”

ನಾನು ಗದಿಗೆವ್ವನ ಬಾಯಿ ಒರೆಸತೊಡಗಿದೆ. ಪಕ್ಕದಲ್ಲಿದ್ದ ಅಕ್ಬರಬಿ ನನ್ನ ಪರವಾಗಿ ಹೇಳಿದಳು: “ಇಲ್ಲರಿ ಸಾಹೇಬ್ರ. ಅಣ್ಣಾರ ತೋಟಕ್ಕ ಒಂದ ಹನಿ ಔಷಧ ಇಲ್ಲ. ಊರಿಗೆಲ್ಲ ಗೊತ್ತೈತಿ. ಅಕ್ಕ ಬ್ಯಾರೆ ಏನರ ತಿಂದಾಳೇನೋ.”

ಆ ಒಳ್ಳೆಯ ಹೆಂಗಸು ನನ್ನ ಬಡಾಯಿಯನ್ನೇ ಸಾಕ್ಷಿಯಾಗಿ ಹೇಳುತ್ತಿದ್ದಳು. ಅದನ್ನು ನಂಬಿ ಡಾಕ್ಟರು ಬೇರೆ ದಾರಿ ಹಿಡಿದಿದ್ದರೆ ಗದಿಗೆವ್ವ ಉಳಿಯುತ್ತಿರಲಿಲ್ಲ.

“ಹೊಡದೇನ್ರಿ,” ಎಂದೆ. “ನಿನ್ನೆ ಸಂಜೀಕ. ತಿನ್ನೂ ತಪ್ಪಲಕ್ಕ.”

ಅಕ್ಬರಬಿ ನನ್ನ ಕಡೆ ತಿರುಗಿ ನೋಡಲಿಲ್ಲ. ಫೋನು ತೆಗೆದು ಮನೆಯಲ್ಲಿದ್ದ ಸೊಸೆಗೆ ಕೂಗಿದಳು: “ಆ ತಪ್ಪಲ ಮುಟ್ಟಬ್ಯಾಡ್ರೇ! ಯಾರೂ ಮುಟ್ಟಬ್ಯಾಡ್ರಿ!” ಪುಣ್ಯಕ್ಕೆ ಅವರಿನ್ನೂ ಕಟ್ಟು ಬಿಚ್ಚಿರಲಿಲ್ಲ.

“ಯಾವ ಔಷಧ? ಹೆಸರೇನು?” ಎಂದರು ಡಾಕ್ಟರು. ನನಗೆ ಗೊತ್ತಿರಲಿಲ್ಲ. ನಿರ್ಮಲಾ ಅಂದಾನೆಪ್ಪನಿಗೆ ಫೋನು ಮಾಡಿ ಮೂಲ ಡಬ್ಬಿಯ ಮೇಲಿನ ಚೀಟಿಯ ಫೋಟೋ ತರಿಸಿದಳು. ಅಷ್ಟರಲ್ಲಿ ಸೂಜಿ ಶುರುವಾಗಿತ್ತು. ಮೂರು ದಿನ ಗದಿಗೆವ್ವ ಉಸಿರಿಗಾಗಿ ಒದ್ದಾಡಿದಳು. ನಾಲ್ಕನೆಯ ದಿನ ಕಣ್ಣು ತೆರೆದು ನೀರು ಕೇಳಿದಳು. ಬದುಕಿದಳು. ಆದರೆ ರೊಟ್ಟಿ ಬಡಿಯುವಾಗ ಅವಳ ಬಲಗೈ ಇನ್ನೂ ನಡುಗುತ್ತದೆ.

“ಘಾಟು ಬ್ಯಾರೆ, ವಿಷ ಬ್ಯಾರೆ ಕಾಕಾ,” ಎಂದು ನಿರ್ಮಲಾ ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ತಿಳಿಸಿ ಹೇಳಿದಳು. “ಘಾಟಿಗೆ ಮೈ ಒಗ್ಗತೈತಿ, ವಿಷಕ್ಕ ಒಗ್ಗೂದಿಲ್ಲ. ಅದು ಚರ್ಮದಾಗಿಂದೂ ಒಳಗ ಹೊಕ್ಕತೈತಿ. ಹೊಲದ ಔಷಧ ಹಿತ್ತಲಕ್ಕ ತರಬಾರದು. ನೀರಿನ ಬಾಟಲಿ, ಸೋಡಾ ಬಾಟಲಿಗೆ ಅದನ್ನ ಹಾಕಬಾರದು. ಹೊಡದ ಮ್ಯಾಲೆ ಎಷ್ಟು ದಿನ ಕೀಳಬಾರದು ಅಂತ ಡಬ್ಬಿ ಮ್ಯಾಲೆ ಬರದಿರತಾರ. ತೊಳದ್ರ ಎಲ್ಲಾ ಹೋಗೂದಿಲ್ಲರಿ.”

ಈಗ ನನ್ನ ತೋಟದಲ್ಲಿ ಬೇವಿನ ಕಷಾಯ ಬಿಟ್ಟರೆ ಬೇರೇನಿಲ್ಲ. ವಾರಕ್ಕೊಮ್ಮೆ ಅಕ್ಬರಬಿಯ ಮನೆಯಲ್ಲೇ ಬೀಜ ಕುಟ್ಟಿ ತರುತ್ತೇನೆ. ಅಂದಾನೆಪ್ಪ ಬಾಟಲಿಗಳನ್ನೆಲ್ಲ ಹೊರತೆಗೆದು, ಔಷಧವನ್ನು ಮೂಲ ಡಬ್ಬಿಯಲ್ಲೇ ಬೀಗ ಹಾಕಿ ಇಡುತ್ತಾನೆ.

ಇಷ್ಟು ಬರೆದು ನಿರ್ಮಲಾಗೆ ಕೊಟ್ಟೆ. ಸಂಘದ ಕರಪತ್ರಕ್ಕೆ ಅವಳೇ ಕೇಳಿದ್ದಳು. ಅಚ್ಚಿಗೆ ಕಳಿಸುವ ಮೊದಲು ಸಭೆಯಲ್ಲಿ ಗಟ್ಟಿಯಾಗಿ ಓದಿದಳು. ಮೊದಮೊದಲು ಎಲ್ಲರೂ ನಕ್ಕರು, ಆಸ್ಪತ್ರೆಯ ಮಾತು ಬಂದಾಗ ನಗು ನಿಂತಿತು. ಓದಿ ಮುಗಿದಾಗ ಗದಿಗೆವ್ವ ಎದ್ದು ನಿಂತಳು.

“ರಾಣೆಬೆನ್ನೂರಿಗೆ ಹೋದ ಮಾತು ಇನ್ನೊಮ್ಮೆ ಓದವಾ, ನಿರ್ಮಲಾ.”

ಓದಿದಳು.

“ಅದು ಖರೇ ಅಲ್ಲ. ಇವರು ರಾಣೆಬೆನ್ನೂರಿಗೆ ಹೋಗಿದ್ದು ಅದರ ಹಿಂದಿನ ವಾರ. ಅವತ್ತ ಬೇಲಿ ಹತ್ರ ನಿಂತಿದ್ರು. ಹೌದಲ್ಲ ಅಕ್ಬರಬಿ?”

ಅಕ್ಬರಬಿ ಹೌದೆಂದು ತಲೆಯಾಡಿಸಿದಳು. ಗದಿಗೆವ್ವ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ನಾ ತಿನ್ನೂ ಮುಂದ ನಿಮ್ಮ ಮುಖಾ ನೋಡಿದ್ದೆ. ಏನೋ ಹೇಳಾಕ ಬಾಯಿ ತೆರದ್ರಿ. ಆಮ್ಯಾಲೆ ಮುಚ್ಚಿದ್ರಿ. ಎಂಟು ತಿಂಗಳಾತು, ನಾ ಕೇಳಿಲ್ಲ. ಈಗ ಕೇಳ್ತೇನಿ. ಏನು ಹೇಳಾಕ ಬಂದಿದ್ರಿ ಅವತ್ತ?”

“ತಿನ್ನಬ್ಯಾಡ ಅಂತ,” ಎಂದೆ.

ನಾನು ರಾಣೆಬೆನ್ನೂರಿನಲ್ಲಿರಲಿಲ್ಲ, ಬಸ್ಸಿನಲ್ಲೂ ಇರಲಿಲ್ಲ. ಅವಳಿಂದ ಎರಡು ಮಾರು ದೂರದಲ್ಲಿದ್ದೆ. ಅಕ್ಬರಬಿ ಎಲೆ ಹೊಗಳುತ್ತಿದ್ದಳು. ಈಗ ಹೇಳಿದರೆ ಓಣಿಯಲ್ಲಿ ನಗೆಪಾಟಲಾಗುತ್ತೇನೆ ಎನಿಸಿತು. ಒಂದು ಹಿಡಿ ತಪ್ಪಲ, ನೀರಲ್ಲಿ ಝಾಡಿಸಿದ್ದಾಳೆ, ಗಟ್ಟಿ ಜೀವ, ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಅಗಿಯುವುದನ್ನು ನೋಡಿದೆ. ಅಕ್ಬರಬಿಯ ಮನೆಗೆ ಕಟ್ಟು ಹೋಗುವುದನ್ನೂ ನೋಡಿದೆ. ಆಮೇಲೆ ಚಹಾದಂಗಡಿಗೆ ಹೋಗಿ ನನ್ನ ಕೈಗುಣದ ಕತೆ ಹೇಳುತ್ತ ಕುಳಿತೆ. ಫೋನು ಬಂದದ್ದು ಅಲ್ಲಿಗೆ.

ಸುಳ್ಳು ಸಾಲನ್ನು ತೆಗೆಯಬೇಡ, ಹಾಗೆಯೇ ಅಚ್ಚು ಹಾಕಿ ಕೆಳಗೆ ಇದನ್ನೂ ಹಾಕು ಎಂದು ನಿರ್ಮಲಾಗೆ ಹೇಳಿದ್ದೇನೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಿತ್ತಲಲ್ಲಿ, ಅಟ್ಟದ ಮೇಲೆ ಹೆಸರಿಲ್ಲದ ಬಾಟಲಿ ಇದ್ದರೆ ಅದನ್ನು ಚರಂಡಿಗೆ ಸುರಿಯಬೇಡಿ. ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು, ಏನು ಮಾಡಬೇಕೆಂದು ಇಂದೇ ಕೃಷಿ ಇಲಾಖೆಯವರನ್ನು ಕೇಳಿ. ಔಷಧ ಹೊಡೆದಿದ್ದರೆ ಮನೆಯ ಎಲ್ಲರಿಗೂ, ನೆರೆಯವರಿಗೂ ಈಗಲೇ ಹೇಳಿಬಿಡಿ. ಯಾರಿಗಾದರೂ ವಾಂತಿ, ಜೊಲ್ಲು, ಬೆವರು ಬಂದರೆ ನೂರಾ ಎಂಟಕ್ಕೆ ಕರೆ ಮಾಡಿ, ಡಬ್ಬಿ ಹಿಡಿದು ಓಡಿ, ಡಾಕ್ಟರು ಕೇಳುವ ಮೊದಲೇ ಬಾಯಿ ಬಿಡಿ. ನಗುವವರು ಒಂದು ದಿನ ನಗುತ್ತಾರೆ. ನಾನು ಆ ಒಂದು ದಿನದ ನಗೆಗೆ ಹೆದರಿ ನನ್ನ ಹೆಂಡತಿಗೆ ವಿಷ ತಿನ್ನಲು ಬಿಟ್ಟೆ.