ಗೋದಲಿಗೆ ಬಂದ ನಾಲ್ಕು ಕುರಿ

ಧನುರ್ಮಾಸದ ಚಳಿ. ಹಾಸನದಲ್ಲಿ ಹೊತ್ತು ಮಾರುದ್ದ ಏರಿದ ಮೇಲೆಯೇ ಹಿತ್ತಲಿಗೆ ಬಿಸಿಲು ಬೀಳುತ್ತಿತ್ತು. ಹೇಮಾವತಿ ಹೊಳೆಗೆ ಕಟ್ಟೆ ಕಟ್ಟುತ್ತಾರಂತೆ ಎಂಬುದು ಇನ್ನೂ ಬರೀ ಬಾಯಿಮಾತಾಗಿದ್ದ ಕಾಲ. ಅಂಥ ಒಂದು ಬೆಳಿಗ್ಗೆ, ಬಾವಿಯ ಪಕ್ಕ ಮೈ ಕಾಯಿಸುತ್ತ ಕೂತಿದ್ದ ಅತ್ತೆ ಚೌರಮ್ಮನ ಜೊತೆ ಲೂರ್ದಮ್ಮ ಆಡಿದ ಎರಡು ಮಾತಿನಿಂದ ಇದೆಲ್ಲ ಶುರುವಾಯಿತು.

ಲೂರ್ದಮ್ಮನಿಗೆ ಆ ಮನೆಯೆಂದರೆ ಪ್ರಾಣ. ಜವಳಿ ಅಂಗಡಿ ಶಾಂತರಾಜಯ್ಯನವರ ಮನೆಯ ಹಿಂಭಾಗದ ಎರಡು ಕೋಣೆ, ಒಂದು ಒಲೆ, ಮುಖ್ಯವಾಗಿ ಬಾವಿ. ಬಾವಿಗೆ ಎರಡು ರಾಟೆ; ಒಂದು ಅವರದು, ಒಂದು ಇವರದು. ತಮ್ಮೂರು ಶೆಟ್ಟಿಹಳ್ಳಿಯಲ್ಲಿದ್ದಾಗ ಹೊಳೆಯಿಂದ ನೀರು ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದುಹೋಗಿತ್ತು. ಗಂಡ ಇನ್ನಾಸಪ್ಪ ಯಜಮಾನರ ಅಂಗಡಿಯ ಮುಂದೆಯೇ ಹೊಲಿಗೆ ಮಿಷನ್ನು ತುಳಿಯುತ್ತಿದ್ದ. ಮನೆ ಕೊಡುವಾಗ ಜೈನರಾದ ಶಾಂತರಾಜಯ್ಯ ಹಾಕಿದ್ದ ಕರಾರು ಒಂದೇ: ಆ ಒಲೆಯ ಮೇಲೆ ಮಾಂಸ ಬೇಯಕೂಡದು. ಲೂರ್ದಮ್ಮ ಬಾವಿಯನ್ನು ನೋಡಿ ಹೂಂ ಅಂದಿದ್ದಳು.

ಕ್ರಿಸ್ಮಸ್ಸಿಗೆ ಮನೆಯಲ್ಲಿ ಗೋದಲಿ ಕಟ್ಟುವುದು ಅವರ ಪದ್ಧತಿ. ಹುಲ್ಲಿನ ಪುಟ್ಟ ಕೊಟ್ಟಿಗೆ, ಒಳಗೆ ಬಾಲಯೇಸು, ತಾಯಿ ತಂದೆ, ಸುತ್ತ ಮಣ್ಣಿನ ದನಕುರಿ.

"ಕುರಿ ಸಾಲ್ದು ಕಣತ್ತೆ," ಅಂದಳು ಲೂರ್ದಮ್ಮ. "ಇನ್ನೂ ನಾಕು ತರಿಸ್ಬೇಕು."

ಚೌರಮ್ಮನಿಗೆ ಕಿವಿ ಮಂದ. ಅವಳ ಜೊತೆ ಆಡಿದ ಗುಟ್ಟೂ ಬೀದಿಗೆ ಕೇಳುತ್ತಿತ್ತು. "ಇದ್ವಲ್ಲ, ಏನಾದ್ವು?"

"ಒಂದರ ಕತ್ತು ನಾನೇ ಮುರ್ದೆ. ಇನ್ನೊಂದರ ಕಾಲು ನಿಮ್ಮಗ ಮುರ್ದ."

ಹಿತ್ತಲ ಬಾಗಿಲಲ್ಲಿ ಬಳೆ ಸದ್ದಾಯಿತು. ನೀರಿಗೆ ಬಂದಿದ್ದ ಯಜಮಾನರ ಹೆಂಡತಿ ಅನಂತಮತಿ ಬರೀ ಕೊಡ ಹಿಡಿದು ಹಾಗೇ ಒಳಕ್ಕೆ ಹೋದರು. ಏನೋ ಮರೆತಿರಬೇಕು ಅಂದುಕೊಂಡಳು ಲೂರ್ದಮ್ಮ.

ಹಬ್ಬದ ಹಿಂದಿನ ದಿನ ಶಾಂತರಾಜಯ್ಯ ಅಂಗಡಿಗೆ ಹೋಗದೆ ಮನೆಯ ಜಗಲಿಯಲ್ಲೇ ಕೂತರು. ಕುಂಬಾರ ತಿಮ್ಮಪ್ಪ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಬಂದ. ಅವನಿಗಾಗಿ ಕಾಯುತ್ತಿದ್ದ ಲೂರ್ದಮ್ಮ ಓಣಿಯಿಂದ ಮುಂದಕ್ಕೆ ಬಂದಳು.

"ಬುಟ್ಟೀಲಿ ಏನಯ್ಯ?" ಕೇಳಿದರು ಯಜಮಾನರು.

"ಕುರಿ ಸಾ."

"ನಾಲ್ಕೂ?"

"ನಾಕೂವೆ. ಮೂರು ಸಂದಾಗಿ ಬೆಂದವೆ. ಒಂದು ವಸಿ ಹಸೀದು, ಈವಮ್ಮ ಅವಸರ ಮಾಡುದ್ರು."

ಶಾಂತರಾಜಯ್ಯ ಅಂಗವಸ್ತ್ರದಿಂದ ಮೂಗು ಮುಚ್ಚಿಕೊಂಡು ಎದ್ದರು. "ಹಬ್ಬ ನಿಮ್ಮದು ಲೂರ್ದಮ್ಮ, ಬೇಡ ಅನ್ನೋದಿಲ್ಲ. ಆದರೆ ಕೊಟ್ಟ ಮಾತು ಅಂತ ಒಂದಿರುತ್ತೆ. ಮನೆ ಖಾಲಿ ಮಾಡಿ."

ಲೂರ್ದಮ್ಮನ ಕಣ್ಣ ಮುಂದೆ ಬಂದದ್ದು ಬಾವಿ. ತಲೆಬುಡ ತಿಳಿಯದ ತಿಮ್ಮಪ್ಪ ಬುಟ್ಟಿ ಇಳಿಸಿ ಬಟ್ಟೆ ಎಳೆದ. ಸುಣ್ಣ ಬಳಿದ ನಾಲ್ಕು ಮಣ್ಣಿನ ಕುರಿಗಳು ಹುಲ್ಲಿನ ಮೇಲೆ ಮಲಗಿ ಯಜಮಾನರನ್ನೇ ನೋಡುತ್ತಿದ್ದವು. ಅವರು ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು.

"ಉಷಾರು ಸಾ, ಅದೇ ಹಸೀದು," ಅಂದ ತಿಮ್ಮಪ್ಪ.

ತಪ್ಪಾಯಿತು ಅನ್ನುವುದಕ್ಕಿಂತ ಹೊಗಳುವುದು ಶಾಂತರಾಜಯ್ಯನವರಿಗೆ ಸುಲಭವಾಗಿ ಕಂಡಿತು. ಆ ಹೊತ್ತಿನಿಂದಲೇ ಹೊಗಳತೊಡಗಿದರು.

ಇತ್ತ ಇನ್ನಾಸಪ್ಪ ಹಬ್ಬದೂಟಕ್ಕೆ ಒಂದು ದಾರಿ ಮಾಡಿಟ್ಟಿದ್ದ. ಇಗರ್ಜಿ ಬೀದಿಯ ಗೆಳೆಯನ ಮನೆಯಲ್ಲಿ ಕೋಳಿಸಾರು ಮಾಡಿಸಿ ಕ್ಯಾರಿಯರಿನಲ್ಲಿ ತರುವುದು. "ಒಲೆ ಮ್ಯಾಲೆ ಬೇಯ್ಬಾರ್ದು ಅಂದವ್ರೆ. ಬಾಯಿಗಾಕ್ಬಾರ್ದು ಅಂದಿಲ್ವಲ್ಲ," ಎಂದು ಚೌರಮ್ಮ ತೀರ್ಪು ಕೊಟ್ಟಿದ್ದಳು.

ಹಬ್ಬದ ಮಧ್ಯಾಹ್ನ ಮನೆ ಬೆಚ್ಚಗಿತ್ತು. ಗೋದಲಿಯ ಮುಂದೆ ಮೇಣದ ಬತ್ತಿ, ಕಜ್ಜಾಯದ ತಟ್ಟೆ, ಒಂದು ಚಿಪ್ಪು ಬಾಳೆಹಣ್ಣು. ಮೂವರೂ ಮುದ್ದೆ ಇಟ್ಟುಕೊಂಡು ಕೂತಿದ್ದರು. ಇನ್ನಾಸಪ್ಪ ಕ್ಯಾರಿಯರಿನ ಕೊಂಡಿ ಬಿಚ್ಚಬೇಕು, ಬಾಗಿಲಲ್ಲಿ ಶಾಂತರಾಜಯ್ಯ, ಹಿಂದೆ ಅನಂತಮತಿ, ಅವರ ಹಿಂದೆ ನೆಂಟರಿಷ್ಟರು. ಅವನು ಕ್ಯಾರಿಯರನ್ನು ಗೋದಲಿಯ ಹುಲ್ಲಿನ ಹಿಂದಕ್ಕೆ ತಳ್ಳಿದ.

"ನೋಡಿ," ಅಂದರು ಯಜಮಾನರು ನೆಂಟರಿಗೆ. "ಹಬ್ಬ ಅಂತ ಕುರಿ ಕಡಿಯೋರನ್ನ ಕಂಡಿದ್ದೀವಿ. ಇವರು ಕುರೀನ ದೇವರ ಪಕ್ಕ ಕೂರಿಸಿದ್ದಾರೆ."

ಅನಂತಮತಿ ಮೂಗು ಅರಳಿಸಿದರು. "ಏನೋ ಮಸಾಲೆ ಘಮ ಬರ್ತಿದೆಯಲ್ಲ."

"ದೂಪ ಕಣವ್ವ, ಇಗರ್ಜೀದು," ಅಂದಳು ಚೌರಮ್ಮ. ಆಗ ಮಾತ್ರ ಅವಳ ಕಿವಿ ಚೆನ್ನಾಗಿ ಕೇಳಿತ್ತು.

ನೆಂಟರು ಒಂದೊಂದು ಬಾಳೆಹಣ್ಣು ಹಿಡಿದು ಅಹಿಂಸೆಯ ಮೇಲೆ ಬಹಳ ಹೊತ್ತು ಮಾತಾಡಿದರು. ಹೊತ್ತು ಮುಳುಗುವ ಮೊದಲು ಅವರು ಉಣ್ಣಬೇಕಾದ್ದರಿಂದ ಎದ್ದರು, ಇಲ್ಲದಿದ್ದರೆ ಏಳುತ್ತಿರಲಿಲ್ಲ. ಅಷ್ಟರಲ್ಲಿ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಬಿಸಿ ಮಾಡಲು ಇದ್ದದ್ದು ಆ ಒಂದೇ ಒಲೆ, ಅದರ ಮೇಲೆ ಕರಾರಿತ್ತು. ತಣ್ಣಗಿದ್ದರೂ ತಿನ್ನಬಹುದಿತ್ತು. ಆದರೆ ಅಷ್ಟು ಹೊಗಳಿಸಿಕೊಂಡ ಮೇಲೆ ಯಾರೂ ಮೊದಲು ಕೈ ಹಾಕಲಿಲ್ಲ. ಮೂವರೂ ಕಜ್ಜಾಯ ತಿಂದರು.

ಇವರು ಮಾಂಸವನ್ನೇ ಬಿಟ್ಟಿದ್ದಾರೆ ಎಂಬ ಮಾತು ಪೇಟೆಯಲ್ಲೆಲ್ಲ ಹರಡಿತು. ಮಾಂಸದ ಅಂಗಡಿ ಚಿಕ್ಕಯ್ಯ, ಇನ್ನಾಸಪ್ಪನನ್ನು ಕಂಡು ನಕ್ಕ. "ನೀವು ಬುಟ್ಬುಟ್ರಂತಲ್ಲಣ್ಣ. ನಾನು ಕೊಟ್ಟು ನಿಮ್ಮ ಯಜಮಾನ್ರ ಕೈಲಿ ಅನ್ನುಸ್ಕೊಳ್ಳನಾ?"

ಚೌರಮ್ಮನಿಗೆ ಸಾಕಾಯಿತು. "ಬೈದು ಓಡಿಸಿದ್ರೆ ತಡ್ಕಬೋದು ಕಣ್ಲಾ ಇನ್ನಾಸ. ಇಂಗೆ ಒಗಳಿ ಕೂರುಸ್ಕಂಡ್ರೆ ಎಂಗ್ಲಾ ಬದುಕೋದು? ನಾನು ನಿಮ್ಮಣ್ಣನ ತಾವ್ಕೆ ಓಯ್ತೀನಿ."

"ಇರಿ ಅತ್ತೆ, ಮನೇಲೇ ಬಾವಿ ಐತೆ," ಅಂದಳು ಲೂರ್ದಮ್ಮ.

"ನೀರು ಕುಡ್ಕಂಡು ನೀನಿರು ತಾಯಿ."

ಬಾಲಯೇಸುವನ್ನು ಕಾಣಲು ಬಂದ ಮೂರು ರಾಯರ ಹಬ್ಬ ಕಳೆದು, ಗೋದಲಿ ಬಿಚ್ಚಿ, ಕುರಿಗಳನ್ನು ಹುಲ್ಲಿನಲ್ಲಿ ಸುತ್ತಿಟ್ಟ ಮೇಲೆ, ಸೋಮವಾರ ಬೆಳಿಗ್ಗೆ ಚೌರಮ್ಮ ಶೆಟ್ಟಿಹಳ್ಳಿಯ ಹಿರಿಮಗನ ಮನೆಗೆ ಹೋದಳು. ಅವ್ವನನ್ನು ನೋಡದೆ ಇರಲಾಗದು ಎಂದು ಇನ್ನಾಸಪ್ಪ ಮುಂದಿನ ಭಾನುವಾರ ಹೋದ. ಸಂಜೆ ಎಲೆಯಡಿಕೆ ಹಾಕಿ ಬಾಯಿ ಕೆಂಪಗೆ ಮಾಡಿಕೊಂಡು, ಕೈಯಲ್ಲಿ ಮಸಾಲೆ ಘಮ ಹೊತ್ತು ಬಂದು ಊಟ ಬೇಡ ಅಂದ. ಅದರ ಮುಂದಿನ ಭಾನುವಾರವೂ ಹಾಗೇ ಆಯಿತು.

ಮೂರನೆಯ ಭಾನುವಾರ ಲೂರ್ದಮ್ಮ ತನ್ನ ರಾಟೆಯ ಹಗ್ಗ ಸುತ್ತಿಟ್ಟು, ಬಾಗಿಲಿಗೆ ಬೀಗ ಹಾಕಿದಳು. ಜಗಲಿಯಲ್ಲಿದ್ದ ಶಾಂತರಾಜಯ್ಯ ಹೆಂಡತಿಯನ್ನು ಕರೆದು ತೋರಿಸಿದರು. "ನೋಡು, ಅತ್ತೆಯನ್ನ ನೋಡೋಕೆ ಎಷ್ಟು ಆತುರ. ಸೊಸೆ ಅಂದರೆ ಹೀಗಿರಬೇಕು."

ಲೂರ್ದಮ್ಮ ತಲೆ ತಗ್ಗಿಸಿ, ಗಂಡನಿಗಿಂತ ಮುಂದಾಗಿ ನಡೆದಳು.