ಮುಪ್ಪಿಗೆ ಬಾಗಿಲು ಹಾಕಿದ ಮನೆ

ಭಾನುವಾರ ಬೆಳಿಗ್ಗೆ ಕಾಫಿ ಆದಮೇಲೆ ಆ ದರ್ಜಿಯ ಮನೆಯಲ್ಲಿ ಎಲ್ಲರೂ ಅಂಗಿ ಎತ್ತಿ ಹೊಟ್ಟೆ ತೋರಿಸಿಕೊಂಡು ಸಾಲಾಗಿ ಕೂರುತ್ತಿದ್ದರು. ದರ್ಜಿಯ ಅಕ್ಕ, ಮನೆಮಂದಿಗೆಲ್ಲ ದೊಡ್ಡತ್ತೆ, ಫ್ರಿಜ್ಜಿನಿಂದ ಪುಟ್ಟ ಸೀಸೆ ತೆಗೆದು ಒಬ್ಬೊಬ್ಬರಿಗೂ ಸೂಜಿ ಚುಚ್ಚುತ್ತಿದ್ದರು. ಪೆಪ್ಟೈಡ್ ಎಂದು ಅದರ ಹೆಸರು. ಮುಪ್ಪನ್ನು ಹಿಂದಕ್ಕೆ ತಳ್ಳುತ್ತದೆಂದು ಜಿಮ್ಮಿನವನೊಬ್ಬ ನಂಬಿಸಿ ಮಾರಿದ್ದ. ಅದಿನ್ನೂ ಪ್ರಯೋಗದ ಹಂತದ ಮದ್ದು ಎಂಬುದನ್ನು ಮಾತ್ರ ನುಂಗಿಕೊಂಡಿದ್ದ. ನೋಡನೋಡುತ್ತಿದ್ದಂತೆ ಅದು ಮನೆಯ ಕಟ್ಟಳೆಯೇ ಆಗಿಬಿಟ್ಟಿತು. ಮೂವತ್ತು ತುಂಬಿದವರೆಲ್ಲ ಹೊಟ್ಟೆ ಒಡ್ಡಬೇಕು. ವಯಸ್ಸಾಗುವುದೆಂದರೆ ಕಳ್ಳತನ ಮಾಡಿ ಸಿಕ್ಕಿಬಿದ್ದಷ್ಟು ನಾಚಿಕೆ ಆ ಮನೆಯವರಿಗೆ!

ಈಗಷ್ಟೇ ಮೂವತ್ತು ತುಂಬಿದ ಸೊಸೆಗೆ ಈ ಭಾನುವಾರ ಮೊದಲ ಸರದಿ. ಅವಳ ಚಿಂತೆಯೆಲ್ಲ ದರ್ಜಿ ಮಾವನ ಕೈಯದು. ಗುಂಡಿಗೆ ಕಾಜ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಈಚೆಗೆ ಬೆರಳುಗಳು ಊದಿ, ಬೆಳಗಾದರೆ ಜೋಮು ಹಿಡಿಯುತ್ತಿದ್ದವು. ಸೂಜಿ ಚುಚ್ಚದಂತೆ ತೊಡುವ ಅಂಗುಸ್ತಾನ ಬೆರಳಿಗೆ ಇಳಿಯುತ್ತಿರಲಿಲ್ಲ.

"ವಯಸ್ಸು ಜೋರು ಮಾಡ್ತಿದೆ ಕಣೋ ತಮ್ಮ. ನಾವೂ ಜೋರು ಮಾಡೋಣ," ಎಂದು ದೊಡ್ಡತ್ತೆ ಮದ್ದು ಹೆಚ್ಚಿಸಿದರು. ಊತವೂ ಹೆಚ್ಚಿತು. ಮತ್ತೆ ಮದ್ದು ಹೆಚ್ಚಿತು. ಬೆಂಕಿಗೆ ಎಣ್ಣೆ ಹೊಯ್ದು ಯಾಕಿನ್ನೂ ಆರಲಿಲ್ಲವೆಂದು ಕೊರಗುವಂಥ ಜಾಣತನ ಅದು.

ಶನಿವಾರ ಅಂಗಡಿಯಲ್ಲಿ ಸೊಸೆ ಕತ್ತರಿ ಕೆಳಗಿಟ್ಟು ತಲೆಯೆತ್ತಿದರೆ, ಮಾವ ಹೊಲಿಯುತ್ತಿದ್ದ ಬಿಳಿ ಅಂಗಿಯ ಮೇಲೆ ಕೆಂಪು ಕಲೆ.

"ಮಾವ, ರಕ್ತ!"

"ಎಲ್ಲಿ?" ಎಂದರು ಮಾವ.

ಸೂಜಿ ಬಟ್ಟೆಯ ಜೊತೆಗೆ ಅವರ ಎಡಗೈ ಬೆರಳಿನ ತುದಿಯನ್ನೂ ಸೇರಿಸಿಕೊಂಡಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಸೊಸೆಯೇ ದಾರ ಕತ್ತರಿಸಿ ಬೆರಳನ್ನು ಬಿಡಿಸಿದಳು.

ಮರುದಿನ ಸೂಜಿ ಹಿಡಿದು ಬಂದ ದೊಡ್ಡತ್ತೆಗೆ ಅವಳು, "ನನಗೆ ಬೇಡ, ದೊಡ್ಡತ್ತೆ," ಎಂದಳು.

"ನಮ್ಮ ಮನೇಲಿ ಮುದುಕರಾಗೋ ಪದ್ಧತಿ ಇಲ್ಲ ಕಣೇ!"

"ಮನುಷ್ಯರ ಬಳಕೆಗಲ್ಲ ಅಂತ ಸೀಸೆ ಮೇಲೇ ಬರೆದಿದೆಯಲ್ಲ."

"ಅದೆಲ್ಲ ಕಾನೂನಿಗೆ ಹೆದರಿ ಬರ್ದಿರ್ತಾರೆ. ನಿನ್ನೆ ಮೊನ್ನೆ ಬಂದೋಳು ನಂಗೆ ಹೇಳ್ಕೊಡ್ತೀಯಾ?"

ಗಂಡ ಗೋಡೆ ನೋಡುತ್ತ ಕೂತ. ಸೊಸೆ ಮಾವನ ಕಡೆ ತಿರುಗಿದಳು. "ಮಾವ, ನೀವೇ ಹೇಳಿ. ಇದು ಶುರುವಾಗೋ ಮುಂಚೆ ನಿಮ್ಮ ಕೈ ಹೇಗಿತ್ತು? ವಯಸ್ಸು ನಿಧಾನಕ್ಕೆ ಬರುತ್ತೆ. ಹೀಗೆ ಮೇಲೆ ಬೀಳಲ್ಲ."

ಮಾವ ತಮ್ಮ ಕೈಗಳನ್ನು ಮಗುಚಿ ನೋಡಿಕೊಂಡರು. ಆಮೇಲೆ ಎತ್ತಿದ್ದ ಅಂಗಿಯನ್ನು ಮೆಲ್ಲಗೆ ಕೆಳಗಿಳಿಸಿದರು.

"ನಂಗೂ ಬೇಡಕ್ಕ."

ಮರುದಿನವೇ ಸೊಸೆ ಮಾವನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಬೈಯಲಿಲ್ಲ, ಅದೇ ದೊಡ್ಡದು. "ಮೈಯಲ್ಲಿ ನೀರು ನಿಂತು ಮಣಿಕಟ್ಟಿನ ನರ ಒತ್ತಿಹೋಗಿದೆ. ಸಕ್ಕರೆನೂ ಏರಿದೆ. ಮದ್ದು ಬಿಡಿ, ಊತ ಇಳಿಯುತ್ತೆ. ಇನ್ನೂ ತಡ ಮಾಡಿದ್ದಿದ್ರೆ ಕೈ ವಾಪಸ್ ಬರ್ತಿತ್ತೋ ಇಲ್ವೋ," ಎಂದರು. ಹೊರಗೆ ಬಂದು ಸೊಸೆ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಮಾವ ಪಕ್ಕದಲ್ಲೇ ನಿಂತು, "ಏಳಮ್ಮ, ಯಾರಾದ್ರೂ ನಾನು ಹೋದೆ ಅಂದ್ಕೊಂಡಾರು," ಎಂದರು.

ತಿಂಗಳು ಕಳೆದು ಮತ್ತೆ ತೋರಿಸಲು ಹೊರಟಾಗ, ಅಷ್ಟು ದಿನ ಸೊಸೆಯ ಜೊತೆ ಮಾತು ಬಿಟ್ಟಿದ್ದ ದೊಡ್ಡತ್ತೆಯೂ ಚಪ್ಪಲಿ ಮೆಟ್ಟಿಕೊಂಡರು. ಡಾಕ್ಟರಮ್ಮ ಮಾವನ ಬೆರಳುಗಳನ್ನು ಮಡಿಸಿ, ಬಿಡಿಸಿ, ನಕ್ಕರು. ಊತ ಇಳಿದಿತ್ತು. ಆಮೇಲೆ ದೊಡ್ಡತ್ತೆಯತ್ತ ತಿರುಗಿದರು.

"ನೀವೂ ಚುಚ್ಕೊಳ್ತಿದ್ರಾ? ವಯಸ್ಸೆಷ್ಟು?"

ದೊಡ್ಡತ್ತೆಯ ವಯಸ್ಸು ಎಷ್ಟೋ ವರ್ಷದಿಂದ ಅರವತ್ತರಲ್ಲೇ ಕಾಲೂರಿ ನಿಂತಿತ್ತು. ಅವರು ಸೆರಗು ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಎಪ್ಪತ್ತು."

"ಅಯ್ಯೋ ಅಕ್ಕ, ನಂಗೇ ಅರವತ್ತೈದು! ನಿನ್ನ ಲೆಕ್ಕದಲ್ಲಿ ಇಷ್ಟು ದಿನ ನಾನೇ ನಿನಗೆ ಅಣ್ಣ ಆಗಿದ್ನಲ್ಲ!" ಎಂದು ಮಾವ ಗಹಗಹಿಸಿ ನಕ್ಕರು.

"ಸುಮ್ನಿರೋ," ಎಂದರು ದೊಡ್ಡತ್ತೆ, ನಗು ತಡೆಯುತ್ತ. ಆಮೇಲೆ ಸೊಸೆಯ ಕೈ ಹಿಡಿದುಕೊಂಡು, ಇನ್ನೊಂದು ತೋಳನ್ನು ಡಾಕ್ಟರಮ್ಮನ ಮುಂದೆ ಚಾಚಿದರು. "ನನ್ನ ರಕ್ತಾನೂ ನೋಡ್ಬಿಡಿ. ಎಪ್ಪತ್ತೊಂದಕ್ಕೂ ನಾನಿರ್ಬೇಕು."