ಕಣ್ಣೆದುರು ತೆಗೆಯದ ಮಾದರಿ

ಡೇರಿಯ ಪರೀಕ್ಷಾ ಕೋಣೆಯಲ್ಲಿ ಅವಳದು ಒಂದೇ ಹಟ: ತನ್ನ ಕಣ್ಣೆದುರು ಕ್ಯಾನಿನಿಂದ ತೆಗೆಯದ ಹಾಲನ್ನು ಪರೀಕ್ಷಿಸುವುದಿಲ್ಲ. ಮನೆಯಿಂದ ಸೀಸೆಯಲ್ಲಿ ತಂದವರು ಎಷ್ಟು ಗೋಗರೆದರೂ, "ಅಣ್ಣ, ಸೀಸೆ ಹಾಲು ಕುಡಿಯೋಕೆ, ನಂಬೋಕಲ್ಲ" ಎಂದು ನಕ್ಕು ಹಿಂದಿರುಗಿಸುತ್ತಿದ್ದಳು.

ಗಂಡ ಮಾತ್ರ ತನ್ನ ವೀರ್ಯದ ಮಾದರಿಯನ್ನು ಎರಡು ಸಲವೂ ಮನೆಯಿಂದಲೇ ಡಬ್ಬಿಯಲ್ಲಿ ಆಸ್ಪತ್ರೆಗೆ ಒಯ್ದು ಕೊಟ್ಟಿದ್ದ. ಅಲ್ಲಿ ನಾಚಿಕೆಯಾಗುತ್ತದೆ ಎಂದಿದ್ದ, ಅವಳು ಒಪ್ಪಿದ್ದಳು. ವರದಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಆದ್ದರಿಂದ ದೋಷವೆಲ್ಲ ಅವಳ ಪಾಲಿಗೆ ಬಂತು: ಅಂಡಾಣು ಬೆಳೆಸುವ ಮಾತ್ರೆ, ಹೊಟ್ಟೆಗೆ ಚುಚ್ಚುಮದ್ದು, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಶಸ್ತ್ರಚಿಕಿತ್ಸೆ, ಇವೆಲ್ಲದರ ಮೇಲೆ ಅತ್ತೆಯ ನಾಲಿಗೆ. "ದಿನವೆಲ್ಲ ಹಾಲಲ್ಲೇ ಕೈಯಾಡಿಸ್ತಾಳೆ, ಮನೆಗೆ ಬಂದ್ರೆ ಗೊಡ್ಡು."

ಕೊನೆಗೆ ಉಳಿದದ್ದು ಪ್ರನಾಳ ಶಿಶು ವಿಧಾನ. ಅಂಡಾಣುಗಳನ್ನು ಹೊರತೆಗೆದ ಬೆಳಿಗ್ಗೆ ಗಂಡ ಆಸ್ಪತ್ರೆಯಲ್ಲೇ ಮಾದರಿ ಕೊಡಬೇಕಾಗಿತ್ತು. ಮಂಪರು ಇಳಿದು ಅವಳು ಎದ್ದು ಕೂತಾಗ ವೈದ್ಯೆ ಮಂಚದ ಪಕ್ಕ ನಿಂತಿದ್ದರು. ಗಂಡ ಕಿಟಕಿಯ ಕಡೆ ಮುಖ ಮಾಡಿದ್ದ.

"ಇವತ್ತಿನದರಲ್ಲಿ ಒಂದು ವೀರ್ಯಾಣುವೂ ಇಲ್ಲಮ್ಮ. ಹಿಂದಿನ ವರದಿಗೂ ಇದಕ್ಕೂ ತಾಳೆಯೇ ಆಗ್ತಿಲ್ಲ."

ಅವಳಿಗೆ ಸೀಸೆಯ ಹಾಲು ನೆನಪಾಯಿತು. ಗಂಡನ ಬೆನ್ನನ್ನೇ ಕೇಳಿದಳು: "ಯಾರದ್ರೀ ಅದು?"

"ತಮ್ಮಂದು. ನಂದು ಸರಿಯಿಲ್ಲ ಅಂತ ಬಂದ್ರೆ ಮನೇಲಿ ಹೇಗೆ ತಲೆ ಎತ್ತಲಿ, ಹೇಳು?"

"ಅದಕ್ಕೆ ನನ್ನ ತಲೆ ತಗ್ಗಿಸಿದ್ರಿ."

ವೈದ್ಯೆ ಗಂಟಲು ಸರಿಮಾಡಿಕೊಂಡರು. "ಸಣ್ಣ ಆಪರೇಷನ್ ಮಾಡಿ ಇವರ ವೃಷಣದಲ್ಲೇ ವೀರ್ಯಾಣು ಸಿಗುತ್ತಾ ಅಂತ ಹುಡುಕಬಹುದು. ಇಲ್ಲಾಂದ್ರೆ ದಾನಿಯದು. ಎರಡೂ ಈಗ ಬೇಡಾಂದ್ರೆ ಅಂಡಾಣುಗಳನ್ನ ಫ್ರೀಜ್ ಮಾಡಿ ಇಡ್ತೀವಿ. ಬೇಗ ಹೇಳಿ, ಹೊರಗೆ ಬಹಳ ಹೊತ್ತು ಉಳಿಯಲ್ಲ."

"ಆಪರೇಷನ್ ಗೀಪರೇಷನ್ ನಂಗೆ ಬೇಡ," ಎಂದು ಗಂಡ ಥಟ್ಟನೆ ತಿರುಗಿದ. "ದಾನಿಯದೇ ಆಗಲಿ. ಯಾರಿಗೂ ಗೊತ್ತಾಗಲ್ಲ."

"ಡಬ್ಬಿ ಬದಲಾಯಿಸೋ ಚಪಲ ಇನ್ನೂ ಹೋಗಿಲ್ಲ ನಿಮಗೆ." ಅವಳು ವೈದ್ಯೆಯತ್ತ ತಿರುಗಿದಳು. "ಫ್ರೀಜ್ ಮಾಡಿ ಡಾಕ್ಟರೇ. ಅವು ನನ್ನವು. ಮುಂದಿನದನ್ನ ನಾನು ಯೋಚನೆ ಮಾಡ್ತೀನಿ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅತ್ತೆ ಒಳಬಂದರು. "ಏನಂತೆ? ಈ ಸಲವೂ ಇವಳದೇ ಕೊರತೆನಾ?"

"ಮನೇಲಿ ಹೇಳ್ತೀನಮ್ಮ," ಎಂದ ಮಗ.

"ಮನೆಯಿಂದ ತಂದಿದ್ದೇ ಸಾಕಾಗಿದೆ," ಎಂದಳು ಅವಳು. "ಇಲ್ಲೇ ಹೇಳಿ. ನನ್ನ ಕಣ್ಣೆದುರು."